ಬೆಂಚಿನಲ್ಲೇ ಕೂತ ಮಗಳಿಗೆ

ಮಗಳೇ,

ಭಾನುವಾರ ಚರ್ಚಿನಲ್ಲಿ ಪವಿತ್ರ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಎಲ್ಲರೂ ಎದ್ದು ಹೋದರೂ ನೀನು ಬೆಂಚಿನಲ್ಲೇ ಕೂತೆಯಂತೆ. ‘ನಾನು ಯೋಗ್ಯಳಲ್ಲ ಪಪ್ಪಾ’ ಅಂದೆ. ‘ಹಾಗಾದರೆ ಮೊದಲು ಸರಿಹೋಗು, ಆಮೇಲೆ ಹೋಗು’ ಅಂದುಬಿಟ್ಟೆ ನಾನು. ತಪ್ಪಾಯಿತು. ಸಿಟ್ಟಿನ ಮಾತಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಅದು, ಯೋಗ್ಯತೆ ನೋಡದೆ ದೇವರು ಕೃಪೆ ಕೊಡುತ್ತಾನೆಂಬ ಸುವಾರ್ತೆಯನ್ನೇ ತಲೆಕೆಳಗು ಮಾಡಿದ ಮಾತು.

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 15:6 ತೆಗೆ. ಅಬ್ರಾಮ ನಂಬಿದ, ದೇವರು ಅದನ್ನು ನೀತಿಯೆಂದು, ಅಂದರೆ ತನ್ನ ಮುಂದೆ ಸರಿಯಾಗಿರುವುದೆಂದು, ಎಣಿಸಿದ. ಆಗಿನ್ನೂ ಅವನ ಹೆಸರು ಅಬ್ರಹಾಮ ಆಗಿರಲಿಲ್ಲ, ಸುನ್ನತಿಯೂ ಆಗಿರಲಿಲ್ಲ. ಅವೆರಡೂ 17ನೇ ಅಧ್ಯಾಯದಲ್ಲಿ, ಅವನಿಗೆ 99 ವರ್ಷವಾದಾಗ. ಎಣಿಸಿದ ಮೇಲೆ, ದಾಸಿ ಹಾಗರಳಲ್ಲಿ ಮಗ ಇಷ್ಮಾಯೇಲ ಹುಟ್ಟಿದಾಗ ಅವನಿಗೆ 86. ಅಂದರೆ ಎಣಿಸಿದ್ದಕ್ಕೂ ಮೈಮೇಲೆ ಗುರುತು ಬಿದ್ದದ್ದಕ್ಕೂ ನಡುವೆ ಕಡಿಮೆಯೆಂದರೂ 13 ವರ್ಷ. ಆ ನಡುವೆಯೇ ಹಾಗರಳ ಕಥೆ: ಬಸುರಿಯನ್ನು ಹೆಂಡತಿಯ ಕೈಗೆ ಬಿಟ್ಟ, ಅವಳು ಕಾಟ ತಾಳದೆ ಓಡಿಹೋದಳು. ನೀತಿವಂತನೆಂದು ಎಣಿಸಿಕೊಂಡವನು ಆ ಹೆಂಗಸಿನ ವಿಷಯದಲ್ಲಿ ನಡೆದುಕೊಂಡ ರೀತಿ ನೋಡು. ಎಣಿಕೆ ಅಳಿಸಿಹೋಗಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಹಿಡಿದದ್ದು ಈ ಹಿಂದುಮುಂದನ್ನೇ. ದುಡಿದವನಿಗೆ ಸಿಗುವುದು ಕೂಲಿ, ಕೊಡುವವನ ಮೇಲಿದ್ದ ಬಾಕಿ, ಈ ನೀತಿ ಕೂಲಿಯಲ್ಲ.

ಹೊಸ ಒಡಂಬಡಿಕೆಯ ತನ್ನ ಪತ್ರದಲ್ಲಿ ಯಾಕೋಬ, ನೀತಿವಂತನೆನಿಸಲು ಕ್ರಿಯೆಯೂ ಬೇಕು ಅನ್ನುತ್ತಾನಲ್ಲ ಎಂದು ನೀನು ಕೇಳುತ್ತೀ, ಗೊತ್ತು. ಅವನು ತೋರಿಸುವುದು ಆದಿಕಾಂಡ 22, ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿಗೆಂದು ಯಜ್ಞವೇದಿಯ ಮೇಲೆ ಮಲಗಿಸಿದ್ದು. ಎಣಿಸಿ ಎಷ್ಟೋ ವರ್ಷಗಳಾದ ಮೇಲಿನ ಸಂಗತಿ. ಪೌಲ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ 8ರಿಂದ 10ನೇ ವಚನಗಳ ವಿಭಕ್ತಿ ಗಮನಿಸು: ರಕ್ಷಣೆ ಕ್ರಿಯೆಗಳಿಂದ ಅಲ್ಲ, ಸತ್ಕ್ರಿಯೆಗಳಿಗಾಗಿ. ‘ಗಾಗಿ’ಯನ್ನು ಬಿಟ್ಟುಬಿಟ್ಟರೆ ಜನ ಉಡಾಫೆಗೆ ಬೀಳುತ್ತಾರೆ. ‘ಗಾಗಿ’ ಇರಬೇಕಾದಲ್ಲಿ ‘ಇಂದ’ ಬಂದರೆ ನಿನ್ನ ಹಾಗೆ ಬೆಂಚಿಗೆ ಅಂಟಿಕೊಳ್ಳುತ್ತಾರೆ. ನೋಡು, ಮತ್ತೆ ಪಾಠ ಶುರುಮಾಡಿದೆ.

ನಿನ್ನನ್ನು ಹೆದರಿಸಿದ್ದು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11:27 ಇರಬೇಕು. ಅಲ್ಲಿರುವುದು ‘ಅಯೋಗ್ಯವಾಗಿ’ ತಿನ್ನುವ ಮಾತು, ‘ಅಯೋಗ್ಯರು’ ತಿನ್ನುವ ಮಾತಲ್ಲ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು ಅಮಲೇರಿ ಕೂತಿದ್ದರು, ಇಲ್ಲದವರು ಹಸಿದಿದ್ದರು. ಪೌಲ ಬೈದದ್ದು ಆ ರೀತಿಗೆ. ಮುಂದಿನ ವಚನ, ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಅನ್ನುತ್ತದೆ. ಪರೀಕ್ಷಿಸಿಕೊಂಡು ಕೂತಿರಲಿ ಅನ್ನುವುದಿಲ್ಲ.

ಅಭ್ಯಾಸಬಲದಿಂದ ಕೈ ಚಾಚುವವರ ನಡುವೆ ನೀನು ತಡೆದು ಯೋಚಿಸಿದೆ ಎಂಬ ಹೆಮ್ಮೆಯೂ ಒಳಗೊಳಗೇ ಇದೆ. ಆದರೆ ಈಗ ‘ನನ್ನ ನಂಬಿಕೆಯಾದರೂ ಸಾಕಷ್ಟಿದೆಯೇ’ ಎಂದು ಅಳೆಯಲು ಹೊರಡಬೇಡ, ಅದೂ ಕೂಲಿ ಲೆಕ್ಕವೇ. ಮಾರ್ಕ 9:24ರಲ್ಲಿ ಕಾಯಿಲೆಯ ಮಗನನ್ನು ಯೇಸುವಿನ ಬಳಿ ತಂದ ಆ ತಂದೆ ಅರ್ಧ ನಂಬಿಕೆ, ಅರ್ಧ ಅಪನಂಬಿಕೆ ಇಟ್ಟುಕೊಂಡೇ ಕೂಗಿದ್ದು. ಅವನ ಮಗ ಗುಣವಾದ.

ನಿಮ್ಮಲ್ಲಿ ಮುಂದಿನ ಭೋಜನ ಯಾವ ಭಾನುವಾರ, ತಿಳಿಸು. ಶನಿವಾರ ರಾತ್ರಿ ಬಸ್ಸಿಗೆ ಬರುತ್ತೇನೆ. ಬೇಡವೆಂದರೆ ಬರುವುದಿಲ್ಲ.

ಪಪ್ಪ