ಗೀಸರ್ ಹಾಕಿದೊಡನೆ ಟ್ರಿಪ್ ಆಗುತ್ತಿದ್ದರೆ

ಸದಸ್ಯರ ಗಮನಕ್ಕೆ: ಬೀಳುತ್ತಿರುವುದು ಎಂಸಿಬಿಯೋ (ಮಿತಿಮೀರಿ ಕರೆಂಟ್ ಹರಿದರೆ ಬೀಳುವ ಸ್ವಿಚ್) ಆರ್‌ಸಿಸಿಬಿಯೋ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಮೊದಲು ನೋಡಿ. ಟೆಸ್ಟ್ ಬಟನ್ ಇರುವ ಆರ್‌ಸಿಸಿಬಿ ಬಿದ್ದರೆ ಕರೆಂಟ್ ಅರ್ತ್‌ಗೆ ಸೋರುತ್ತಿದೆ. ದಯವಿಟ್ಟು ಅದನ್ನು ಬೈಪಾಸ್ ಮಾಡಿ ಯಾರೂ ಸ್ನಾನಕ್ಕಿಳಿಯಬೇಡಿ, ಜೀವಕ್ಕೇ ಅಪಾಯ. ಬೋರ್‌ವೆಲ್‌ನ ಗಡಸು ನೀರಿರುವ ಮನೆಗಳಲ್ಲಿ ಬಹುತೇಕ ಎಲಿಮೆಂಟೇ (ಟ್ಯಾಂಕಿನೊಳಗೆ ನೀರು ಕಾಯಿಸುವ ಸರಳು) ಕಾರಣ: ಸುಣ್ಣದ ಪದರ ಕಟ್ಟಿ, ಶಾಖ ನೀರಿಗೆ ಇಳಿಯದೆ, ಅದರ ಹೊರಕೊಳವೆ ಸೀಳುತ್ತದೆ.

ಮೇನ್ ಆಫ್ ಮಾಡಿ, ಕರೆಂಟ್ ಇಲ್ಲವೆಂದು ಟೆಸ್ಟರ್ ಇಟ್ಟು ಖಚಿತಪಡಿಸಿಕೊಂಡು, ಎಲಿಮೆಂಟಿನ ಎರಡೂ ವೈರ್ ಬಿಚ್ಚಿ. ಮಲ್ಟಿಮೀಟರಿನಲ್ಲಿ ಅದರ ಎರಡು ಟರ್ಮಿನಲ್ ನಡುವೆ 2000 ವ್ಯಾಟಿನದಕ್ಕೆ ಸುಮಾರು 26 ಓಮ್ ಬರಬೇಕು. ಟರ್ಮಿನಲ್‌ಗೂ ಟ್ಯಾಂಕಿನ ಲೋಹಕ್ಕೂ ನಡುವೆ ರೀಡಿಂಗ್ ಬಂದರೆ ಎಲಿಮೆಂಟ್ ಹೋಗಿದೆ. ಗ್ಯಾಸ್ಕೆಟ್ (ನೀರು ಸೋರದಂತೆ ತಡೆಯುವ ಬಿಲ್ಲೆ) ಸಮೇತ ಬದಲಿಸಿ. ಎಲಿಮೆಂಟ್ ಬಿಚ್ಚುವ ಮೊದಲು ಒಳಬರುವ ನೀರಿನ ವಾಲ್ವ್ ಮುಚ್ಚಿ ಟ್ಯಾಂಕ್ ಖಾಲಿ ಮಾಡಿ. ಹೊಸದು ಕೂರಿಸಿದ ಮೇಲೆ, ಬಿಸಿನೀರಿನ ನಲ್ಲಿಯಲ್ಲಿ ನೀರು ಗಾಳಿಯಿಲ್ಲದೆ ಧಾರೆಯಾಗಿ ಬರುವವರೆಗೆ ಸ್ವಿಚ್ ಹಾಕಬೇಡಿ. ಖಾಲಿ ಟ್ಯಾಂಕಿನಲ್ಲಿ ಹೊಸ ಎಲಿಮೆಂಟೂ ಸುಟ್ಟುಹೋಗುತ್ತದೆ.