ಆ ರಾತ್ರಿ ನನ್ನ ಮುಖ ಯಾಕೆ ಹಾಗಿತ್ತು ಅಂದರೆ

ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಹಾಂಕಾಂಗ್‌ನಿಂದ ಬಂದು ದಾವಣಗೆರೆ ಸೇರಿದೆವು. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಟ್ಯಾಕ್ಸಿಯಲ್ಲಿ ಆದ ಮಾತು ಮತ್ತೆ ಎತ್ತುವುದಿಲ್ಲ. ಆದರೆ ನೀನು ಮದುವೆ ಆಗುವ ಹುಡುಗನ ಮನೆಯವರ ಜೊತೆ ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ಮೀನು ನೋಡಿ ಅಮ್ಮ ಮುಖ ಸಿಂಡರಿಸಿದಳು ಅಂತ ನೀನು ಅಂದುಕೊಂಡಿದ್ದೀಯಲ್ಲ, ಅದು ಖಂಡಿತ ಸುಳ್ಳು.

ಹುಡುಗನ ಮನೆಯವರು ಒಳ್ಳೆಯವರು. ಸೊಪ್ಪಿಗೆ ಆಯ್ಸ್ಟರ್ ಸಾಸ್ ಹಾಕಬೇಡಿ ಅಂತ ಅವನಮ್ಮನೇ ವೇಟರ್‌ನನ್ನು ಕರೆದು ಹೇಳಿದರು. ಸೊಪ್ಪಿನ ಪಲ್ಯದಲ್ಲೂ ಸಿಂಪಿ ಮಾಂಸದ ಸಾಸ್ ಇರುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ. ಗುಂಡು ಮೇಜಿನ ನಡುವೆ ತಿರುಗುವ ಹಲಗೆ ಇತ್ತಲ್ಲ, ಮಾಂಸವಿಲ್ಲದ, ಅಣಬೆ, ತೋಫು ಹಾಕಿದ ಆ ಲೋ ಹೊನ್ ಜಾಯ್ ನನ್ನೆದುರು ಬರುವವರೆಗೂ ಅದನ್ನು ತಿರುಗಿಸುತ್ತಿದ್ದರು. ಹೊಸ ವರ್ಷದ ಮೊದಲ ದಿನ ನಾವೂ ಇದನ್ನೇ ತಿನ್ನುತ್ತೇವೆ ಅಂದರು. ಎಂಜಲಿನ ಯೋಚನೆ ನನಗಿತ್ತು, ನಿಜ. ಅದಕ್ಕೂ ಬಡಿಸಿಕೊಳ್ಳಲು ಬೇರೆ ಚಾಪ್‌ಸ್ಟಿಕ್ ಇಟ್ಟಿದ್ದರು. 2003ರಲ್ಲಿ ಸಾರ್ಸ್ ಕಾಯಿಲೆ ಬಂದ ಮೇಲೆ ಈ ರೂಢಿ ಜಾಸ್ತಿ ಆಯಿತಂತೆ.

ನಾನು ನೋಡುತ್ತಿದ್ದುದು ನಿನ್ನ ಟೀ ಕಪ್ಪನ್ನು.

ಮೊದಲು ನೀನು ಎಲ್ಲರ ಬಟ್ಟಲು, ಚಾಪ್‌ಸ್ಟಿಕ್ ಬಿಸಿ ಟೀಯಲ್ಲಿ ತೊಳೆದೆ. ಆಮೇಲೆ ಟೀ ಪಾಟಿನ ಮುಚ್ಚಳ ಬೆರಳಲ್ಲಿ ಒತ್ತಿ ಹಿಡಿದು, ದೊಡ್ಡವರಿಂದ ಶುರು ಮಾಡಿ, ಒಂದು ಹನಿ ಚೆಲ್ಲದೆ ಎಲ್ಲರಿಗೂ ಹಾಕಿದೆ. ಅವರು ಎರಡು ಬೆರಳಲ್ಲಿ ಮೇಜು ತಟ್ಟಿ ಥ್ಯಾಂಕ್ಸ್ ಹೇಳುತ್ತಿದ್ದರು. ನನಗೆ ಎಷ್ಟು ಹೆಮ್ಮೆ ಆಯಿತು ಗೊತ್ತಾ? ಟೀ ಮುಗಿದಾಗ ಮುಚ್ಚಳ ಓರೆ ಮಾಡಿಟ್ಟೆ, ವೇಟರ್ ತಾನಾಗೇ ಬಂದು ಬಿಸಿನೀರು ತುಂಬಿದ. ಮತ್ತೆ ಎಲ್ಲರಿಗೂ ಹಾಕಿದೆ. ಸೂಪ್ ಬಂತು, ನೀನು ಟೀ ಹಾಕುತ್ತಿದ್ದೆ. ಮೀನು ಬಂತು, ಆಗಲೂ ಅದೇ. ಕೊನೆಗೆ ಕೆಂಪು ಕಾಳಿನ ಸಿಹಿ ಗಂಜಿ ಬಂದಾಗಲೂ ನಿನ್ನ ಕಪ್ಪಿನಲ್ಲಿ ಮೊದಲು ಹಾಕಿದ ಟೀ ಹಾಗೇ ಆರಿಹೋಗಿತ್ತು. ಅದನ್ನು ಚೆಲ್ಲಿ ಬಿಸಿಯದು ಹಾಕಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಪಕ್ಕದಲ್ಲೇ ಕೂತಿದ್ದ ಹುಡುಗನಿಗೂ. ನಾನೇ ಎದ್ದು ಬಂದು ಹಾಕೋಣ ಅನ್ನಿಸಿತು. ಅವರೇನು ತಿಳಿದುಕೊಳ್ಳುತ್ತಾರೋ ಅಂತ ಕೂತೆ. ನೀನು ನೋಡಿದ ಮುಖ ಅದು.

ಚಿಕ್ಕವರು ಹಾಕಬೇಕು ಅನ್ನೋದು ಅವರ ಪದ್ಧತಿ, ಗೊತ್ತು. ನಾನೂ ಈ ಮನೆಗೆ ಬಂದಾಗ ಎಲ್ಲರ ಎಲೆಗೂ ಬಡಿಸಿ ಕೊನೆ ಪಂಕ್ತಿಗೆ ಕೂರುತ್ತಿದ್ದೆ. ಅಷ್ಟು ಹೊತ್ತಿಗೆ ಸಾರು ತಳ ಕಂಡಿರುತ್ತಿತ್ತು. ಯಾರೂ ಕೆಟ್ಟವರಲ್ಲ ಪುಟ್ಟಿ, ಸುಮ್ನೆ ಯಾರಿಗೂ ಹೊಳೆಯುತ್ತಿರಲಿಲ್ಲ. ನಿಮ್ಮಪ್ಪ ತಾವಾಗೇ ಕೇಳಲಿ ಅಂತ ನಾನು ಕಾದೆ. ವರ್ಷಗಟ್ಟಲೆ ಕಾದೆ. ನೀನು ಕಾಯಬೇಡ, ಬಾಯಿಬಿಟ್ಟು ಹೇಳು. ಮದುವೆ ಆದ ಮೇಲೂ ಕೆಲಸ ಬಿಡಬೇಡ. ಸಂಬಳ ನಿನ್ನ ಹೆಸರಿನ ಖಾತೆಗೇ ಬರಲಿ. ಅವರ ಭಾಷೆ ಕ್ಯಾಂಟನೀಸ್ ಚೆನ್ನಾಗಿ ಕಲಿ. ನಕ್ಕು ತಲೆಯಾಡಿಸೋಕಷ್ಟೇ ಅಲ್ಲ, ಇವತ್ತು ಸುಸ್ತಾಗಿದೆ, ನನ್ನ ಕೈಲಾಗಲ್ಲ ಅನ್ನೋಕೂ ಬರಬೇಕು. ನಾಳೆ ಮಕ್ಕಳಾದರೆ ಕನ್ನಡ ಕಲಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮನಸ್ಸಿಗೆ ನೋವಾಯಿತಲ್ಲ, ಅದು ನನ್ನನ್ನೂ ಕೊರೆಯುತ್ತಿದೆ. ಊಟ ತುಂಬಾ ಚೆನ್ನಾಗಿತ್ತು ಅಂತ ಅವನಮ್ಮನಿಗೆ ನನ್ನ ಹೆಸರು ಹೇಳಿ ತಿಳಿಸು. ಯುಗಾದಿಗೆ ಅವರನ್ನು ಇಲ್ಲಿಗೆ ಕರೆದುಕೊಂಡು ಬಾ. ಅಪ್ಪ ಬೆಣ್ಣೆ ದೋಸೆ ತಿನ್ನಿಸಬೇಕು ಅಂತ ಈಗಲೇ ಕುಣಿಯುತ್ತಿದ್ದಾರೆ. ಅವನಮ್ಮ ಖಾರ ತಿನ್ನುತ್ತಾರಾ? ರಜೆ ಎಷ್ಟು ದಿನ ಸಿಗುತ್ತೆ ಅಂತ ಕೇಳಿ ಬೇಗ ತಿಳಿಸು, ಟಿಕೆಟ್ ಆಮೇಲೆ ದುಬಾರಿ ಆಗುತ್ತೆ.

ಇಂತಿ,
ಅಮ್ಮ