ಬಾಕಿ ಫೆಲೋಶಿಪ್, ಇಂಡೆಂಟ್, ಫೆಬ್ರವರಿ 28ರ ತಯಾರಿ

ಎಲ್ಲರಿಗೂ ನಮಸ್ಕಾರ.

ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ), ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಗೆಳೆಯರೇ, ಬಾಕಿ ಫೆಲೋಶಿಪ್ ಬಗ್ಗೆ ಎಲ್ಲರೂ ಸೇರಿ ಒಂದೇ ಪತ್ರ ಕೊಡೋಣ. 2023ರ ಜನವರಿಯಿಂದ ತಿಂಗಳಿಗೆ ಜೆಆರ್‌ಎಫ್‌ಗೆ 37,000, ಎಸ್‌ಆರ್‌ಎಫ್‌ಗೆ 42,000 ರೂಪಾಯಿ ಎಂದು ನಿಗದಿಯಾಗಿದೆ. ಮೊತ್ತ ಒಳ್ಳೆಯದೇ, ಆದರೆ ತಿಂಗಳುಗಟ್ಟಲೆ ತಡವಾದರೆ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವುದು ಹೇಗೆ? ಊರಿಗೆ ಹಣ ಕಳಿಸಬೇಕಾದವರ ಪಾಡಂತೂ ಹೇಳುವಂತಿಲ್ಲ. ಯಾವ ತಿಂಗಳಿನಿಂದ ಬಂದಿಲ್ಲ ಎಂಬುದನ್ನು, ಗೈಡ್ ಸಹಿ ಇರುವ ಹಾಜರಾತಿ ಪ್ರತಿಯೊಂದಿಗೆ ಗುರುವಾರ ಸಂಜೆ 4ರೊಳಗೆ ನನಗೆ ಕಳಿಸಿ.

ರಾಸಾಯನಿಕ, ಗಾಜಿನ ಸಾಮಾನು ಬೇಕಿದ್ದವರು ಇಂಡೆಂಟನ್ನೂ (ಖರೀದಿ ಬೇಡಿಕೆ ಪತ್ರ) ಈ ವಾರವೇ ಹಾಕಿ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಸರ್ಕಾರಿ ಖರೀದಿಯ ಆನ್‌ಲೈನ್ ತಾಣವಾದ ಜೆಮ್ ಪೋರ್ಟಲ್‌ನಲ್ಲಿ ಸಿಗದ ವಸ್ತುವಾದರೆ ‘ಲಭ್ಯವಿಲ್ಲ’ ಎಂಬ ವರದಿ ಲಗತ್ತಿಸಿ, ಇಲ್ಲದಿದ್ದರೆ ಕಡತ ವಾಪಸ್ ಬರುತ್ತದೆ.

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ, 1928ರಲ್ಲಿ ರಾಮನ್ ಪರಿಣಾಮ ಬೆಳಕಿಗೆ ಬಂದ ದಿನ. ಅಂದು ಸರ್ಕಾರಿ ಶಾಲೆಯ ಮಕ್ಕಳು ಬರುತ್ತಾರೆ. ಜನರ ತೆರಿಗೆ ಹಣದಲ್ಲಿ ಕೊಂಡ ಎಲೆಕ್ಟ್ರಾನ್ ಮೈಕ್ರೋಸ್ಕೋಪನ್ನು ಅವರ ಮಕ್ಕಳಿಗೇ ತೋರಿಸಿ, ಕನ್ನಡದಲ್ಲಿ ವಿವರಿಸುವಾಗ ಆಗುವ ಖುಷಿ ಬೇರೆ ಯಾವ ಕೆಲಸದಲ್ಲೂ ನನಗೆ ಸಿಕ್ಕಿಲ್ಲ. ಅಲ್ಲಿ ನಿಲ್ಲಲು ಇನ್ನೂ ಇಬ್ಬರು ಬೇಕು. ಬರುವವರು ಇಲ್ಲೇ ಹೆಸರು ಹಾಕಿ.